ವರದಮ್ಮ ಗೆದ್ದ ಚರ್ಚೆ, ನೀವು ಮುಚ್ಚಿಸಿದ ಸಂಘಗಳು

ಮಾನ್ಯ ವಿದ್ಯಾಧಿಕಾರಿಗಳೇ,

ಹೋದ ವರ್ಷ ದೀಪಾವಳಿ ಕಳೆದ ಮೇಲೆ ತಾವು ನಮ್ಮ ಹೈಸ್ಕೂಲಿನ ತನಿಖೆಗೆ ಬಂದಿರಿ. ಬಂದು ಹೋದ ವಾರದೊಳಗೆ ಶಾಲೆಯ ಎಲ್ಲ ಸಂಘಗಳನ್ನೂ ಮುಚ್ಚಬೇಕೆಂದು ಆಜ್ಞೆ ಕಳುಹಿಸಿದಿರಿ. ಚರ್ಚಾಕೂಟ, ನಾಟಕ ಸಂಘ, ವಿಜ್ಞಾನ ಸಂಘ, ವಾಲಿಬಾಲು, ತೋಟಗಾರಿಕೆ, ಎಲ್ಲವೂ ಒಂದೇ ಕಾಗದದಲ್ಲಿ ಹೋದವು. ಕಾರಣವನ್ನೂ ಬರೆದಿದ್ದಿರಿ: "ಪಠ್ಯೇತರ ಚಟುವಟಿಕೆಗಳು ಅನಾವಶ್ಯಕವೆಂದು ವಿದ್ಯಾರ್ಥಿಗಳೇ ಬಹುಮತದಿಂದ ನಿರ್ಣಯ ಅಂಗೀಕರಿಸಿರುವ ಕಾರಣ." ಸ್ವಾಮಿ, ವಿದ್ಯಾರ್ಥಿಗಳು ಅಂಥ ತೀರ್ಮಾನ ಮಾಡಿರಲಿಲ್ಲ. ಅದು ಒಂದು ಶನಿವಾರದ ಚರ್ಚಾಸ್ಪರ್ಧೆಯ ವಿಷಯ. ಆ ವಿಷಯದ ಪರವಾಗಿ ಮಾತಾಡಿ ಗೆದ್ದವಳು ಒಂಬತ್ತನೆಯ ತರಗತಿಯ ವರದಮ್ಮ. ವಿರೋಧವಾಗಿ ಮಾತಾಡಿ ಸೋತವನು ನಾನು. ಗೆದ್ದವಳು ಈಗ ಶಾಲೆಯಲ್ಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಅವಳು ಒಳಗಿರಬೇಕೋ ಹೊರಗಿರಬೇಕೋ ಎಂಬುದು ತಮ್ಮ ಕೈಯಲ್ಲಿದೆ. ಈ ವಿಷಯವಾಗಿ ತಮ್ಮ ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಾವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಗುರುತಿಲ್ಲದವನ ಪತ್ರವನ್ನು ಕಸದ ಬುಟ್ಟಿಗೆ ಹಾಕುವುದು ಸುಲಭ. ನಾನು ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಸಂಘಗಳನ್ನು ಮುಚ್ಚಿದ್ದರಿಂದಲೇ ಬಿಟ್ಟೆ ಎಂದು ಬರೆದರೆ ಪತ್ರಕ್ಕೆ ತೂಕ ಬರುತ್ತದೆ ಎಂದು ಸ್ನೇಹಿತನೊಬ್ಬ ಸಲಹೆ ಕೊಟ್ಟ. ಅದು ಸುಳ್ಳು. ನನಗೆ ಗಣಿತ ಬರುತ್ತಿರಲಿಲ್ಲ, ಒಂದೇ ಬೆಂಚಿನ ಮೇಲೆ ಇಡೀ ದಿನ ಕುಳಿತಿರಲೂ ಬರುತ್ತಿರಲಿಲ್ಲ. ಬಿಟ್ಟ ಮೇಲೆ ಸಾಗರದ ಅಡಿಕೆ ಮಂಡಿಯಲ್ಲಿ ಮೂಟೆ ಹೊಲಿದೆ, ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದೆ, ಎರಡರಲ್ಲೂ ನಿಲ್ಲಲಿಲ್ಲ. ಈಗ ಒಂದು ಟೂರಿಂಗ್ ಟಾಕೀಸಿನ ಜೊತೆ ತಿರುಗುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮಳೆ ಹಿಡಿಯುವ ತನಕ ಡೇರೆ ಎಲ್ಲಿ ಹಾಕುತ್ತಾರೋ ಅಲ್ಲಿ. ಎತ್ತಿನ ಗಾಡಿಗೆ ಮೈಕು ಕಟ್ಟಿಕೊಂಡು ಹಳ್ಳಿಹಳ್ಳಿಗೆ ಹೋಗಿ, ಇಂದು ಸಂಜೆಯ ಚಿತ್ರ ಯಾವುದು, ಹೆಂಗಸರಿಗೆ ಬೇರೆ ಜಾಗ ಉಂಟೋ ಇಲ್ಲವೋ, ಎಂದು ಕೂಗುವುದು ನನ್ನ ಕೆಲಸ. ಈ ಕೆಲಸ ಸಿಕ್ಕಿದ್ದು ನನ್ನ ಗಂಟಲಿನಿಂದ. ಗಂಟಲು ತೆರೆದದ್ದು ಚರ್ಚಾಕೂಟದಲ್ಲಿ. ತಾವು ಅನಾವಶ್ಯಕವೆಂದ ಚಟುವಟಿಕೆ ನನಗೆ ಅನ್ನ ಹಾಕುತ್ತಿದೆ. ಆವಶ್ಯಕವೆಂದ ಗಣಿತ ನನ್ನನ್ನು ಎಲ್ಲಿ ಬಿಟ್ಟು ಹೋಯಿತೋ ತಿಳಿಯದು.

ನಮ್ಮ ಸಂಘಗಳೆಲ್ಲ ಬಂಗಾರವಾಗಿದ್ದವು ಎಂದು ನಾನು ಹೇಳುವುದಿಲ್ಲ. ವಿಜ್ಞಾನ ಸಂಘಕ್ಕೆ ಜುಲೈಯಲ್ಲಿ ಉದ್ಘಾಟನೆ, ಫೆಬ್ರವರಿಯಲ್ಲಿ ಸಮಾರೋಪ. ನಡುವೆ ಏನಿತ್ತೆಂದು ಅದರ ಕಾರ್ಯದರ್ಶಿಗೇ ಗೊತ್ತಿರಲಿಲ್ಲ. ಉದ್ಘಾಟಕರು ದೀಪ ಹಚ್ಚಲು ಬೆಂಕಿಕಡ್ಡಿ ಗೀರಿದ್ದೇ ಆ ಸಂಘದ ಏಕೈಕ ಪ್ರಯೋಗ. ತೋಟಗಾರಿಕೆ ಸಂಘದಲ್ಲಿ ನಾವು ಬದನೆ ಬೆಳೆದೆವು. ಬದನೆ ಯಾರ ಮನೆಯ ಹುಳಿಗೆ ಹೋಯಿತೆಂದು ಬರೆದರೆ ಆ ಮನೆಯವರಿಗೆ ಬೇಸರವಾದೀತು. ನಾಟಕ ಸಂಘದಲ್ಲಿ ಹೆಣ್ಣುಪಾತ್ರಗಳನ್ನು ಗಂಡುಹುಡುಗರೇ ಮಾಡುತ್ತಿದ್ದರು, ಹೆಣ್ಣುಮಕ್ಕಳ ಪಾಲಿಗೆ ಬರುತ್ತಿದ್ದುದು ಅವರಿಗೆ ಸೀರೆ ಉಡಿಸುವ ಕೆಲಸ. ಇವನ್ನೆಲ್ಲ ತಿದ್ದಿಕೊಳ್ಳಿ ಎಂದು ತಾವು ಆಜ್ಞೆ ಮಾಡಿದ್ದರೆ ನಾನೇ ಮೊದಲು ಕೈ ಎತ್ತುತ್ತಿದ್ದೆ. ನೆಗಡಿ ಬಂದರೆ ಮೂಗು ಕೊಯ್ಯುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಇಲಾಖೆಯಲ್ಲೂ ಆ ಪದ್ಧತಿ ಇದೆಯೆಂದು ಗೊತ್ತಿರಲಿಲ್ಲ.

ಚರ್ಚಾಕೂಟದ ಮಾತು ಮಾತ್ರ ಬೇರೆ. ಹುಡುಗಿಯೊಬ್ಬಳು ಎದ್ದು ನಿಂತು ಗಂಡುಹುಡುಗರ ಮುಖ ನೋಡಿಕೊಂಡು ಮಾತಾಡಬಹುದಾಗಿದ್ದ ಜಾಗ ಇಡೀ ಶಾಲೆಯಲ್ಲಿ ಅದೊಂದೇ. ಅದನ್ನು ನಡೆಸುತ್ತಿದ್ದವರು ಕನ್ನಡ ಪಂಡಿತರಾದ ಗಣೇಶಮೂರ್ತಿ ಮೇಷ್ಟ್ರು. ಅವರ ಎಲೆಯಡಿಕೆ ಚೀಲದಲ್ಲಿ ಚರ್ಚೆಗೆಂದೇ ಎರಡು ಅಡಿಕೆ ಇರುತ್ತಿದ್ದವು. ಒಂದು ಬಿಸಿಲಿಗೆ ಒಣಗಿಸಿ ಸುಲಿದ ಬಿಳಿಯ ಚಾಲಿ, ಇನ್ನೊಂದು ಬೇಯಿಸಿ ಒಣಗಿಸಿದ ಕೆಂಪಡಿಕೆ. ಚಾಲಿ ಬಂದವರು ವಿಷಯದ ಪರವಾಗಿ, ಕೆಂಪು ಬಂದವರು ವಿರೋಧವಾಗಿ ಮಾತಾಡಬೇಕು. ಚೀಲದೊಳಗೆ ಕೈಹಾಕಿ ತಡಕಾಡುವಂತಿಲ್ಲ, ಮೊದಲು ಮುಟ್ಟಿದ್ದು ಈಚೆ ಬರಬೇಕು. ನನಗೆ ಮೊದಲ ಸಲ ಮನಸ್ಸಿಗೆ ಒಪ್ಪದ ಕಡೆ ಬಂದಾಗ ನಾನು ತಕರಾರು ತೆಗೆದೆ. ನಂಬದ್ದನ್ನು ಹೇಳುವುದು ಸುಳ್ಳಲ್ಲವೇ ಎಂದು ಕೇಳಿದೆ. ಮೇಷ್ಟ್ರು ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಹೇಳಿದರು: "ಮನಸ್ಸಲ್ಲಿ ಇರೋದನ್ನ ಹೇಳೋಕೆ ಚರ್ಚಾಕೂಟ ಎಂತಕ್ಕೆ ಮಾರಾಯ? ಅದಕ್ಕೆ ಅಂಗಡಿ ಜಗಲಿ ಸಾಕು. ಇಲ್ಲಿ ನೀನಲ್ಲ, ಕೈಯಲ್ಲಿರೋ ಅಡಿಕೆ ಮಾತಾಡ್ಬೇಕು." ಚರ್ಚೆ ಮುಗಿದ ಮೇಲೆ ಅವರು ಎರಡೂ ಅಡಿಕೆಯನ್ನು ಒಟ್ಟಿಗೆ ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಲ್ಲಿಗೆ ಪರವೂ ಮುಗಿಯಿತು, ವಿರೋಧವೂ ಮುಗಿಯಿತು. ನಾವು ಮನೆಗೆ ಹೋಗುತ್ತಿದ್ದೆವು.

ಆ ಶನಿವಾರ ಶ್ರಾವಣದ ಮಳೆ. ವಿಷಯವನ್ನು ಮೇಷ್ಟ್ರೇ ಹಲಗೆಯ ಮೇಲೆ ಬರೆದಿದ್ದರು: ಪ್ರೌಢಶಾಲೆಯಲ್ಲಿ ಪಠ್ಯೇತರ ಚಟುವಟಿಕೆಗಳು ಅನಾವಶ್ಯಕ. ಬೇಕೆಂದೇ ಇಟ್ಟ ವಿಷಯ. ತನ್ನ ಕಾಲಡಿಯ ಹಲಗೆಯನ್ನೇ ತಾನು ಎಳೆದುಕೊಂಡು ನಿಲ್ಲುವುದು ಹೇಗೆಂದು ಕೂಟಕ್ಕೆ ತೋರಿಸಬೇಕು ಎಂಬುದು ಅವರ ತಮಾಷೆ. ನನಗೆ ಕೆಂಪು ಬಂತು. ವರದಮ್ಮನಿಗೆ ಚಾಲಿ ಬಂತು. ಅವಳು ಮುಖ ಸಣ್ಣದು ಮಾಡಿ, ತನಗೆ ಕೆಂಪು ಬೇಕಿತ್ತು ಎಂದಳು. ಮೇಷ್ಟ್ರು, "ಬೇಕಾದ್ದು ಬಂದ್ರೆ ಅದು ಚರ್ಚೆ ಅಲ್ಲ, ಊಟ" ಎಂದರು.

ನಾನು ಮೊದಲು ಮಾತಾಡಿದೆ. ದೇಹ, ಮನಸ್ಸು, ಸರ್ವಾಂಗೀಣ ವಿಕಾಸ, ನಾಳಿನ ಪ್ರಜೆಗಳು ಎಂದು ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ಹಿಂದಿನ ಬೆಂಚಿನವರು ಆಕಳಿಸಿದರು. ಆಮೇಲೆ ಅವಳು ಎದ್ದಳು. ಅವಳ ಮಾತನ್ನು ನಾನು ಮರೆತಿಲ್ಲ, ಮರೆಯುವ ಹಾಗೆ ಅವಳು ಮಾತಾಡಿರಲಿಲ್ಲ. "ಅಧ್ಯಕ್ಷರೇ, ಪಠ್ಯೇತರ ಅಂದ್ರೆ ಪಾಠ ಬಿಟ್ಟು ಉಳಿದದ್ದು. ನಮ್ಮ ಮನೇಲಿ ಬೆಳಗ್ಗೆ ಎದ್ದ ಕೂಡಲೇ ಅದೇ ಶುರು. ಕೊಟ್ಟಿಗೆ ಸಂಘ, ನೀರು ಹೊರೋ ಸಂಘ, ತಮ್ಮನ್ನ ಎತ್ತಿಕೊಳ್ಳೋ ಸಂಘ. ಅದಕ್ಕೆ ಉದ್ಘಾಟನೆನೂ ಇಲ್ಲ, ಸಮಾರೋಪನೂ ಇಲ್ಲ. ಅದನ್ನ ಶಾಲೆಗೆ ಬಂದು ಕಲೀಬೇಕಾ? ನಮಗೆ ಸಿಗದೇ ಇರೋದು ಪಾಠ. ನಮಗೆ ಪಠ್ಯವೇ ಇತರ." ಕೊಟ್ಟಿಗೆ ಸಂಘ ಎಂದಾಗ ನಕ್ಕವರು ಕೊನೆಯ ಮಾತಿಗೆ ನೆಟ್ಟಗೆ ಕುಳಿತರು. ವಾಲಿಬಾಲಿನ ಹುಡುಗರು, ನಾಟಕದ ಹುಡುಗರು, ಎಲ್ಲರೂ ಅವಳಿಗೇ ಕೈ ಎತ್ತಿದರು. ನಾನೂ ಎತ್ತುತ್ತಿದ್ದೆ, ಎದುರು ಪಕ್ಷದವನಿಗೆ ಮತವಿರಲಿಲ್ಲ.

ಕಿಟಕಿಯ ಹೊರಗೆ ಅವಳ ಅಪ್ಪ ಕೆರಿಯಪ್ಪ ಮಳೆಗೆ ಎಲೆಯ ಗೊರಬು ಹಾಕಿಕೊಂಡು ನಿಂತಿದ್ದರು. ಪೇಟೆಯ ಹೋಟೆಲಿಗೆ ಬಾಳೆಎಲೆ ಕೊಟ್ಟು, ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದವರು. ಆ ವರ್ಷಕ್ಕೆ ಅವಳ ಓದು ಸಾಕು ಎಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋದ ಹೆಣ್ಣುಮಗಳು ಅವಳೊಬ್ಬಳೇ, ಹೆಚ್ಚಾಯಿತು ಎನ್ನುವವರೇ ಎಲ್ಲರೂ. ಮೂವರೂ ಒಟ್ಟಿಗೆ ಕೇರಿಗೆ ಹೊರಟೆವು. ಹಳ್ಳ ದಾಟುವ ಸಂಕದ ಹತ್ತಿರ ಬಂದಾಗ ಕೆರಿಯಪ್ಪ ನನಗೆ, "ಹತ್ತು ಮುಗೀಲಿ. ನಾನೆಂತಕ್ಕೆ ಬ್ಯಾಡ ಅನ್ಲಿ" ಎಂದರು. ಅವಳು ಮುಂದೆ ಹೋಗುತ್ತಿದ್ದಳು, ಕೇಳಿಸಿತೋ ಇಲ್ಲವೋ. ಮಾನ್ಯರೇ, ಒಂದು ಶನಿವಾರದ ಒಂದು ಗಂಟೆ ಒಬ್ಬ ಹುಡುಗಿಗೆ ಎರಡು ವರ್ಷದ ಓದು ಕೊಡಿಸಿತು. ತಮ್ಮ ಇಲಾಖೆಯ ಯಾವ ಸುತ್ತೋಲೆ ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡಿದೆ?

ಆಮೇಲೆ ತಾವು ಬಂದಿರಿ. ಮುಖ್ಯೋಪಾಧ್ಯಾಯರಿಗೆ ತಮ್ಮ ಎದುರಿಗೆ ಶಾಲೆಯ ಚಟುವಟಿಕೆಗಳನ್ನು ಹೊಗಳಿಕೊಳ್ಳುವ ಆಸೆ. ಸಂಘಗಳ ವರದಿಯನ್ನು ಗಟ್ಟಿಯಾಗಿ ಓದಿಸಿದರು. ಚರ್ಚೆಯ ವಿಷಯ ಬಂತು, "ನಿರ್ಣಯವು ಬಹುಮತದಿಂದ ಅಂಗೀಕೃತವಾಯಿತು" ಎಂಬ ವಾಕ್ಯ ಬಂತು. ಎಲ್ಲ ಚರ್ಚೆಗಳ ಕೊನೆಗೂ ಬರೆಯುವ ವಾಕ್ಯ ಅದು. ಹಿಂದಿನ ವರ್ಷ ಹಳ್ಳಿಗಿಂತ ಪಟ್ಟಣ ಮೇಲು ಎಂಬ ನಿರ್ಣಯವೂ ಹೀಗೆಯೇ ಅಂಗೀಕೃತವಾಗಿತ್ತು, ಯಾರೂ ಗಂಟುಮೂಟೆ ಕಟ್ಟಿ ಶಿವಮೊಗ್ಗಕ್ಕೆ ಹೋಗಲಿಲ್ಲ. ತಾವು ಮಾತ್ರ ಅಲ್ಲಿಗೇ ತಡೆದು, ಮಕ್ಕಳು ನಮಗಿಂತ ಬುದ್ಧಿವಂತರು ಎಂದು ಮೆಚ್ಚಿದಿರಂತೆ. ಅಲ್ಲೇ ನಿಂತಿದ್ದ ಗಣೇಶಮೂರ್ತಿ ಮೇಷ್ಟ್ರು, ಅದು ಸ್ಪರ್ಧೆಯ ವಿಷಯ ಸಾರ್, ಅಭಿಪ್ರಾಯವಲ್ಲ, ಎಂದು ಹೇಳಿದ್ದಕ್ಕೆ, ನಿರ್ಣಯವೆಂದ ಮೇಲೆ ನಿರ್ಣಯವೇ ಎಂದಿರಂತೆ. ಇದನ್ನು ಮೇಷ್ಟ್ರು ನಮಗೆ ಹೇಳಿದಾಗ ನಕ್ಕರು. ಆಜ್ಞೆ ಬಂದ ದಿನ ನಗಲಿಲ್ಲ.

ಚರ್ಚೆಯೆಂದರೇನೆಂದು ತಮಗೆ ಗೊತ್ತಿಲ್ಲವೆಂದು ನಾನು ನಂಬಲಾರೆ. ತಾವು ಕಾಲೇಜು ಓದಿದವರು. ಗೊತ್ತಿದ್ದೂ ಮಾಡಿದಿರೆಂದು ನಂಬಲೂ ನನ್ನ ಬಳಿ ಸಾಕ್ಷಿಯಿಲ್ಲ. ಉತ್ತೀರ್ಣರಾದವರ ಸಂಖ್ಯೆ ಹೆಚ್ಚಿಸಬೇಕೆಂದು ತಮ್ಮ ಮೇಲೆ ಒತ್ತಡವಿತ್ತಂತೆ, ಶನಿವಾರದ ಗಂಟೆಯನ್ನು ಗಣಿತಕ್ಕೆ ಕೊಡಲು ಒಂದು ನೆಪ ಬೇಕಿತ್ತಂತೆ, ಎಂದು ಜನ ಹೇಳುತ್ತಾರೆ. ಜನ ಏನಾದರೂ ಹೇಳುತ್ತಾರೆ. ಆದರೆ ಗಣಿತಕ್ಕೆ ಗಂಟೆ ಬೇಕಿದ್ದರೆ ಗಣಿತಕ್ಕೆ ಗಂಟೆ ಬೇಕು ಎಂದೇ ಬರೆಯಬಹುದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯ ಹೆಗಲ ಮೇಲೆ ಕೋವಿ ಇಟ್ಟು ಹೊಡೆಯುವ ಆವಶ್ಯಕತೆ ಏನಿತ್ತು?

ಅಲ್ಲಿಂದ ಮುಂದಿನದು ತಮ್ಮ ಕಚೇರಿಗೆ ತಿಳಿದಿರಲಾರದು, ಆದ್ದರಿಂದ ಬರೆಯುತ್ತೇನೆ. ವಾಲಿಬಾಲಿನ ಬಲೆಯನ್ನು ಮಡಿಸಿ ಕಪಾಟಿನ ಮೇಲೆ ಹಾಕಿದರು. ನಾಟಕದ ಕಿರೀಟಗಳನ್ನು ಗೋಣಿಯಲ್ಲಿ ಕಟ್ಟಿಟ್ಟರು. ಹುಡುಗರು ತಮ್ಮನ್ನು ಬೈಯಲಾರರು, ತಾವು ದೂರ. ಮುಖ್ಯೋಪಾಧ್ಯಾಯರನ್ನು ಬೈಯಲಾರರು, ಅವರ ಕೈಯಲ್ಲಿ ಬೆತ್ತ. ವರದಮ್ಮ ಹತ್ತಿರದಲ್ಲಿದ್ದಳು. ಆಜ್ಞೆಯನ್ನು ಪ್ರಾರ್ಥನೆಯ ಹೊತ್ತಿಗೆ ಓದಿದ್ದರು, ಅದರಲ್ಲಿದ್ದ "ನಿರ್ಣಯ" ಎಂಬ ಮಾತು ಎಲ್ಲರ ಬಾಯಿಗೆ ಬಂತು. ಅವಳಿಗೆ ನಿರ್ಣಯಮ್ಮ ಎಂದು ಹೆಸರಾಯಿತು. ಅವಳಿಗೆ ಕೈ ಎತ್ತಿದ್ದ ಹುಡುಗರೇ ಮೊದಲು ಕರೆದವರು. "ನಿರ್ಣಯಮ್ಮ, ನಾಳೆ ಮಧ್ಯಾಹ್ನದ ಊಟ ಅನಾವಶ್ಯಕ ಅಂತ ಒಂದು ಮಾತು ಹೇಳೇ, ಬುತ್ತಿ ಹೊರೋದು ತಪ್ತದೆ" ಎಂದು ಒಬ್ಬ ಹೇಳಿದ. ಅದು ಒಳ್ಳೆಯ ತಮಾಷೆಯೇ. ಮೊದಲನೆಯ ದಿನ ಅವಳೂ ನಕ್ಕಳು. ಆದರೆ ಮುಂದಿನ ವಾರ ಬಸ್ಸಿನ ಕಂಡಕ್ಟರು ನಾಗರಾಜಪ್ಪನವರು, ಏನೂ ತಿಳಿಯದೆ, ಅದೇ ಅವಳ ಹೆಸರೆಂದುಕೊಂಡು, "ನಿರ್ಣಯಮ್ಮ, ಸ್ವಲ್ಪ ಒಳಗೆ ಹೋಗಮ್ಮ" ಎಂದರು. ಇಡೀ ಬಸ್ಸು ನಕ್ಕಿತು. ಅವಳು ಒಳಗೆ ಹೋದಳು. ಅಂಗಡಿ ಕಟ್ಟೆಯಲ್ಲಿ ಕೆರಿಯಪ್ಪನವರನ್ನು ಯಾರೋ, "ನಿನ್ ಮಗ್ಳು ಒಂದ್ ಮಾತಾಡಿ ಇಡೀ ಶಾಲೆ ಆಟನೇ ನಿಲ್ಸಿದ್ಲಂತಲ್ಲ ಮಾರಾಯ" ಎಂದು ಕೇಳಿದರು. ಅವರು ಬೀಡಿ ತೆಗೆದುಕೊಂಡು ಎದ್ದರು.

ಇಲ್ಲಿ ನಮ್ಮ ಊರಿನವರ ತಪ್ಪೂ ಇದೆ, ಬಚ್ಚಿಡುವುದಿಲ್ಲ. ತಾಳಮದ್ದಳೆಯಲ್ಲಿ ದ್ರೋಹಿಯ ಪಾತ್ರಕ್ಕೆ ಅರ್ಥ ಹೇಳುವವನು ಚೆನ್ನಾಗಿ ವಾದಿಸಿದರೆ ತಲೆದೂಗಿ, ಬೆಳಗಿನ ಜಾವ ಅವನಿಗೆ ಕಾಫಿ ಕೊಟ್ಟು ಕಳುಹಿಸುವ ಜನ ನಾವು. ದ್ರೋಹಿಯ ಪರ ಮಾತಾಡಿದೆ ಎಂದು ಅವನನ್ನು ಯಾರೂ ಪೋಲೀಸಿಗೆ ಹಿಡಿದುಕೊಡುವುದಿಲ್ಲ. ಪಾಲಿಗೆ ಬಂದ ಪಾತ್ರಕ್ಕೆ ನ್ಯಾಯ ಸಲ್ಲಿಸಬೇಕು ಎಂಬುದು ನಮ್ಮಲ್ಲಿ ಅಕ್ಷರ ಬಾರದ ಮುದುಕರಿಗೂ ಗೊತ್ತು. ಆದರೂ ಸರ್ಕಾರದ ಮೊಹರು ಬಿದ್ದ ಕಾಗದ ಹೇಳಿದ ಮೇಲೆ ನಾವು ಆ ತಿಳುವಳಿಕೆಯನ್ನು ಬಿಟ್ಟೆವು. ನಾವೇ ಕೈ ಎತ್ತಿದ ಸಂಗತಿಯನ್ನು ನಾವೇ ಮರೆತೆವು.

ಡಿಸೆಂಬರಿನಲ್ಲಿ ತಾವು ಹೊಸನಗರದ ಪ್ರವಾಸಿ ಬಂಗಲೆಯಲ್ಲಿ ತಂಗಿದ್ದಿರಿ. ನಾನು ಶಾಲೆ ತಪ್ಪಿಸಿ ಬಸ್ಸು ಹತ್ತಿ ಬಂದೆ. ತಮಗೆ ನೆನಪಿರಬೇಕೆಂದೇನೂ ಇಲ್ಲ, ತಾವು ಊಟಕ್ಕೆ ಕಾಯುತ್ತಿದ್ದಿರಿ. ನನಗೆ ನೆನಪಿದೆ. ಸಂಘಗಳನ್ನು ಮತ್ತೆ ತೆರೆಯಬೇಕು ಸಾರ್ ಎಂದೆ. "ಏನಪ್ಪ, ನಿಮ್ಮ ಹುಡುಗರೇ ಬೇಡ ಅಂದಿದ್ದಾರಲ್ಲ. ನೀನು ಅದರಲ್ಲಿ ಯಾರ ಕಡೆ?" ಎಂದು ಕೇಳಿದಿರಿ.

"ನಾನು ವಿರೋಧ ಸಾರ್."

"ಅಂದರೆ ಸೋತವನು. ಸೋತವರು ಬಹುಮತಕ್ಕೆ ತಲೆ ಬಾಗಿಸಬೇಕು. ಪೌರನೀತಿ ಪುಸ್ತಕ ಓದಿಲ್ಲವಾ?"

"ಗೆದ್ದವಳಿಗೂ ಸಂಘ ಬೇಕು ಸಾರ್. ಅವಳಿಗೆ ಚಾಲಿ ಬಂದಿತ್ತು, ಅದಕ್ಕೆ ಹಾಗೆ ಮಾತಾಡಿದ್ಲು."

"ಏನು ಬಂದಿತ್ತು?"

ನಾನು ಅಡಿಕೆಯ ವಿಷಯ ವಿವರಿಸಿದೆ. ತಾವು ಬಯಲುಸೀಮೆಯವರು, ಚಾಲಿಗೂ ಕೆಂಪಿಗೂ ಇರುವ ವ್ಯತ್ಯಾಸ ತಿಳಿಯದಿದ್ದರೆ ತಪ್ಪಲ್ಲ. ತಾವು ತಮ್ಮ ಗುಮಾಸ್ತರ ಕಡೆ ತಿರುಗಿ, "ನೋಡ್ರೀ, ಇವರ ಸೀಮೆಯಲ್ಲಿ ನಿರ್ಣಯಕ್ಕೂ ಎಲೆ ಅಡಿಕೆ ಕೊಡಬೇಕಂತೆ" ಎಂದಿರಿ. ಗುಮಾಸ್ತರು ನಕ್ಕರು. ಅಷ್ಟರಲ್ಲಿ ಊಟ ಬಂತು. ನಾನು ಹೊರಗೆ ಬಂದು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಸಿಟ್ಟು ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಒಳಗೆ ತಟ್ಟೆಯ ಶಬ್ದ ಕೇಳುತ್ತಿತ್ತು. ಸಂಜೆಯ ಬಸ್ಸಿಗೆ ವಾಪಸಾದೆ. ಮಾರನೆಯ ದಿನ ಶಾಲೆ ತಪ್ಪಿಸಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು, ನಿಂತೆ. ಇಳಿಯಲು ಹೇಳಿದಾಗ ಇಳಿದು, ಬಾಗಿಲಿನಿಂದ ಹೊರಗೆ ನಡೆದುಹೋದೆ. ಅದರಲ್ಲಿ ತ್ಯಾಗವೇನೂ ಇಲ್ಲ. ಕಾಲು ಹೊರಗೆ ಹೋಯಿತು, ಅಷ್ಟೆ.

ವರದಮ್ಮ ನನ್ನ ಹಾಗೆ ನಡೆದುಹೋದವಳಲ್ಲ. ಅವಳು ದಿನವೂ ಬಂದಳು, ಆದರೆ ಮಾತು ಬಿಟ್ಟಳು. ಪಾಠದಲ್ಲಿ ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ಬಾಯಿ ತೆರೆಯಳು. ಆಮೇಲೆ ಹಾಜರಿ ಕರೆದಾಗಲೂ ಉತ್ತರ ಕೊಡುವುದನ್ನು ಬಿಟ್ಟಳು. "ಹಾಜರ್" ಎಂದ ಕೂಡಲೇ ಹಿಂದಿನಿಂದ ಯಾರಾದರೂ "ಅಂಗೀಕೃತ" ಎನ್ನುತ್ತಿದ್ದರು, ಅದಕ್ಕೆ. ಗಣೇಶಮೂರ್ತಿ ಮೇಷ್ಟ್ರು ತಲೆ ಎತ್ತಿ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಆದರೆ ಆ ತರಗತಿಯ ಹಾಜರಿ ಗಣಿತದ ಮೇಷ್ಟ್ರದ್ದು. ಬಾಯಲ್ಲಿ ಹೇಳಿದವರು ಮಾತ್ರ ಬಂದವರು ಎಂಬುದು ಅವರ ಶಿಸ್ತು. ಕಣ್ಣೆದುರು ಎರಡನೆಯ ಬೆಂಚಿನಲ್ಲಿ ಕುಳಿತ ಹುಡುಗಿ ದಿನದಿನವೂ ಗೈರುಹಾಜರಾದಳು. ಜನವರಿಯಲ್ಲಿ, ಬಹಳ ದಿನ ತಿಳಿಸದೆ ಗೈರುಹಾಜರಾದ ಕಾರಣ ಹೆಸರು ತೆಗೆದಿದೆ ಎಂದು ಮನೆಗೆ ಕಾರ್ಡು ಹೋಯಿತು. ಕಾರ್ಡನ್ನು ಅವಳೇ ಅಪ್ಪನಿಗೆ ಓದಿ ಹೇಳಬೇಕಾಯಿತು, ಆ ಮನೆಯಲ್ಲಿ ಓದಲು ಬರುವವರು ಬೇರೆ ಇಲ್ಲ. ಅವಳು ದಿನವೂ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದುದನ್ನು ಕಂಡಿದ್ದ ಅವಳ ತಾಯಿ ದುಗ್ಗಮ್ಮನವರು, ಹಾಗಾದರೆ ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದರಂತೆ. ಆ ಪ್ರಶ್ನೆಗೆ ಅವಳು ಏನು ಹೇಳಬೇಕಿತ್ತು, ತಾವೇ ಹೇಳಿ.

ಅವಳು ಚರ್ಚೆಯಲ್ಲಿ ಹೇಳಿದ್ದರಲ್ಲಿ ಒಂದು ಸತ್ಯವಿತ್ತು. ಮನೆಗೆಲಸದ ನಡುವೆ ಓದಿಗೆ ಬಿಡುವಿಲ್ಲ ಎಂಬುದು ಬರೀ ಅಡಿಕೆ ಆಡಿಸಿದ ಮಾತಲ್ಲ. ತಾವು ನಿಜವಾಗಿಯೂ ಅವಳ ಮಾತಿಗೆ ಬೆಲೆ ಕೊಟ್ಟಿದ್ದರೆ, ಇಂಥ ಹುಡುಗಿಗೆ ಓದಲು ಜಾಗ ಎಲ್ಲಿ, ಸಂಜೆ ಬಸ್ಸಿಗೆ ಕಾಯುವಾಗ ಕೂರಲು ಒಂದು ಕೋಣೆಯಾದರೂ ಇದೆಯೇ ಎಂದು ಕೇಳುತ್ತಿದ್ದಿರಿ. ಕೇಳಲಿಲ್ಲ. ಇಡೀ ಚರ್ಚೆಯಲ್ಲಿ ತಮಗೆ ಬೇಕಾದ "ಅನಾವಶ್ಯಕ" ಎಂಬ ಒಂದು ಪದ ಹೆಕ್ಕಿಕೊಂಡಿರಿ. ಅವಳು ಮಾತಾಡಲು ಇದ್ದ ಜಾಗವನ್ನು ಅವಳ ಮಾತಿನಿಂದಲೇ ಮುಚ್ಚಿದಿರಿ.

ಈಗ ನಮ್ಮ ಗಾಡಿ ಆ ಶಾಲೆಯ ಮುಂದೆ ಹೋಗುವಾಗ ನಾನು ಮೈಕು ನಿಲ್ಲಿಸುತ್ತೇನೆ. ಗೌರವದಿಂದಲ್ಲ, ಶಾಲೆಯ ಹತ್ತಿರ ಕೂಗಬಾರದೆಂದು ಮಾಲೀಕರ ಕಟ್ಟಪ್ಪಣೆ. ವಾಲಿಬಾಲಿನ ಕಂಬಗಳಿಗೆ ಹಗ್ಗ ಕಟ್ಟಿ ಜವಾನನ ಮನೆಯವರು ಬಟ್ಟೆ ಹರವುತ್ತಾರೆ. ನೋಡಿದರೆ ಏನೂ ಅನ್ನಿಸುವುದಿಲ್ಲ. ಏನಾದರೂ ಅನ್ನಿಸಬೇಕಿತ್ತಲ್ಲ ಎಂದು ಮಾತ್ರ ಅನ್ನಿಸುತ್ತದೆ. ಗಾಡಿ ತಿರುವು ದಾಟಿದ ಮೇಲೆ ಮತ್ತೆ ಕೂಗುತ್ತೇನೆ.

ಈ ಪತ್ರದಲ್ಲಿ ಹೆಸರು ಹಾಕಬಹುದೇ ಎಂದು ಕೇಳಲು ಹೋದ ವಾರ ಅವಳ ಮನೆಗೆ ಹೋಗಿದ್ದೆ. ಊರಿನವರು ಬೇರೆ ಅರ್ಥ ಹಚ್ಚುವುದು ಬೇಡ: ಒಂದೇ ಕೇರಿ, ನನಗೆ ಅವಳು ತಂಗಿಯ ವರಸೆ. ಅವಳು ಕೊಟ್ಟಿಗೆಗೆ ತರಗೆಲೆ ಹೊತ್ತು ತಂದು ಬುಟ್ಟಿ ಇಳಿಸುತ್ತಿದ್ದಳು. ದುಗ್ಗಮ್ಮ ಚಿಕ್ಕಮ್ಮ ಕೇಳಿದ ಕೂಡಲೇ, "ಬ್ಯಾಡ ಮಾಸ್ತಪ್ಪ, ಮಾತಾಡಿದ್ದು ಸಾಕು. ಇನ್ನು ಪೇಪರ್ನಾಗೂ ಬಂದ್ರೆ ಯಾರು ಮದ್ವೆ ಮಾಡ್ಕಂಡು ಹೋತಾರೆ ಇವ್ಳನ್ನ" ಎಂದರು. ಕೆರಿಯಪ್ಪ ಮಗಳ ಕಡೆ ನೋಡಿದರು. ನಾನು ಹೊರಡಲು ಎದ್ದಿದ್ದೆ.

"ಹೆಸ್ರು ಹಾಕು ಮಾಸ್ತಣ್ಣ" ಎಂದಳು ವರದಮ್ಮ. "ಆದ್ರೆ ಪಾಪದ ಹುಡುಗಿ, ಗೊತ್ತಾಗ್ದೆ ಮಾತಾಡಿದ್ಲು ಅಂತ ಬರೀಬ್ಯಾಡ. ಗೊತ್ತಿದ್ದೇ ಮಾತಾಡಿದ್ದು. ಚೆನ್ನಾಗಿ ಮಾತಾಡಿದ್ದೆ. ಸೋತೋನು ನೀನು, ನಿಂಗೆ ಗೊತ್ತಿರ್ಬೇಕಲ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದು ತಿಂಗಳುಗಳಾಗಿದ್ದವು. ಅವಳ ತಾಯಿ ಕೈಯಲ್ಲಿದ್ದ ಸೊಪ್ಪು ಕೊಯ್ಯುವ ಕತ್ತಿಯನ್ನು ಕೆಳಗಿಟ್ಟು ಕೇಳುತ್ತಿದ್ದರು. ಜೂನಿಗೆ ಶಾಲೆಗೆ ಬರುತ್ತೀಯಾ ಎಂದು ನಾನು ಕೇಳಿದೆ. "ಹೆಸ್ರು ತೆಗ್ದೋರು ಕರೀಲಿ. ನಾನಾಗೇ ಹೋಗಿ ಬಾಗ್ಲಾಗೆ ನಿಲ್ಲಾದಿಲ್ಲ" ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅವಳು ಹೇಳಿದಂತೆ ಬರೆಯುತ್ತೇನೆ: ಅವಳು ಚೆನ್ನಾಗಿ ಮಾತಾಡಿದಳು. ಆ ದಿನ ಅವಳೆದುರು ನಾನು ಸೋತದ್ದು ನ್ಯಾಯವಾಗಿಯೇ.

ಆದ್ದರಿಂದ ನನ್ನ ಬೇಡಿಕೆ. ಸಂಘಗಳನ್ನು ಮತ್ತೆ ತೆರೆಯುವ ಆಜ್ಞೆಯನ್ನು ತಾವು ಯಾವಾಗ ಬೇಕಾದರೂ ಹೊರಡಿಸಿ, ಅದಕ್ಕೆ ಕಡತ ಏಳು ಮೇಜು ಸುತ್ತಬೇಕೆಂದು ನನಗೆ ಗೊತ್ತು. ಅದಕ್ಕೂ ಮೊದಲು ಒಂದು ಕಾಗದ ಬರೆಯಿರಿ. ಮುಖ್ಯೋಪಾಧ್ಯಾಯರಿಗಲ್ಲ, ಕೆರಿಯಪ್ಪನವರ ಮಗಳು ವರದಮ್ಮನಿಗೆ. ಕನ್ನಡದಲ್ಲಿ, ಅವಳು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುವ ಹಾಗೆ. ಅದರಲ್ಲಿ ಹೀಗಿರಲಿ: "ಚರ್ಚೆಯಲ್ಲಿ ನೀನು ಗೆದ್ದೆ. ಸಂಘಗಳನ್ನು ಮುಚ್ಚಿಸಿದವಳು ನೀನಲ್ಲ, ನಾನು. ನಿನ್ನ ಹೆಸರನ್ನು ಮತ್ತೆ ಬರೆಸಿದ್ದೇನೆ, ಶಾಲೆಗೆ ಬಾ." ಇಷ್ಟು ಸಾಕು. ಕೆಳಗೆ ತಮ್ಮ ರುಜು, ಕಚೇರಿಯ ಮೊಹರು. ಮಳೆಗೆ ಮುಂಚೆ ಟಪಾಲಿಗೆ ಹಾಕಿದರೆ ಒಳ್ಳೆಯದು. ಹಳ್ಳ ತುಂಬಿದ ಮೇಲೆ ನಮ್ಮ ಕೇರಿಗೆ ಟಪಾಲಿನವರು ಬರುವುದು ನಿಲ್ಲುತ್ತದೆ, ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ.

ಇಂತಿ,
ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಹತ್ತನೆಯ ತರಗತಿ ಮುಗಿಸದ
ಮಾಸ್ತಪ್ಪ
ಸದ್ಯಕ್ಕೆ ತೀರ್ಥಹಳ್ಳಿಯ ಡೇರೆ. ಮಳೆ ಬಿದ್ದ ಮೇಲೆ ವಿಳಾಸವಿಲ್ಲ
ಮೇ, ೧೯೬೭